ಕಾವಲಿನವರ ಪಾಲು

ಬಸವಾಪಟ್ಟಣ
9 ಡಿಸೆಂಬರ್ 2023

ತಿಪ್ಪೇರುದ್ರಸ್ವಾಮಿ ಅಣ್ಣನವರಿಗೆ, ಸುಬಾನಸಾಬರ ಮನೆಯ ತಾಜ್‌ಬೀ ಮಾಡುವ ನಮಸ್ಕಾರ.

ಅಕ್ಷರ ಬೇರೆ ಇರುವುದನ್ನು ನೋಡಿಯೇ ನಿಮಗೆ ಏನೋ ಅನಿಸಿರಬೇಕು. ಪ್ರತಿ ತಿಂಗಳು ನಿಮಗೆ ಕಾಗದ ಬರೆಯುತ್ತಿದ್ದವರು ಈಗಿಲ್ಲ. ನವೆಂಬರ್ 29ರ ಬುಧವಾರ ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಎದೆನೋವು ಅಂತ ಹಿಂದಿನ ದಿನ ಬೆಳಿಗ್ಗೆ ಸೇರಿಸಿದ್ದೆವು. ಬುಧವಾರ ಸಂಜೆಯೇ ಊರಿಗೆ ತಂದು ಮಣ್ಣು ಮಾಡಿದರು. ಮಗ ಸೈಫುಲ್ಲಾ ನಿಮ್ಮ ಮನೆಗೆ ಫೋನ್ ಮಾಡಿದನಂತೆ, ಯಾರೂ ಎತ್ತಲಿಲ್ಲ. ನಿಮಗೆ ಕಿವಿ ಕೇಳಿಸದು ಎಂಬುದು ಅವನಿಗೂ ಗೊತ್ತು. ಆಮೇಲೆ ಜನ ಬಂದರು, ಹಾಗೇ ಮರೆತುಹೋಯಿತು. ತಡವಾಗಿ ತಿಳಿಸುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಗೋವಿನಕೋವಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಅವರು ಸೈನ್ಯದಲ್ಲಿದ್ದಾಗ ಅವರಿಗೆ ಬರೆದದ್ದು ಬಿಟ್ಟರೆ ಇನ್ಯಾರಿಗೂ ಕಾಗದ ಬರೆದಿಲ್ಲ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಈಗ ನಾನು ಇದ್ದತ್‌ನಲ್ಲಿ ಕುಳಿತಿದ್ದೇನೆ. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೋಗುವಂತಿಲ್ಲ, ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಸೊಸೆ ನುಜಹತ್ ಹೊಲಿಗೆ ಅಂಗಡಿಗೆ ಹೋಗುವಾಗ ಇದನ್ನು ಅಂಚೆಗೆ ಹಾಕುತ್ತಾಳೆ.

ಒಂದು ವಿಷಯ ಕೇಳಬೇಕಿತ್ತು. ಜನವರಿ 7ರ ಭಾನುವಾರ ಅವರ ನಲವತ್ತನೆಯ ದಿನದ ಫಾತಿಹಾ. ಅವತ್ತು ತೀರಿಕೊಂಡವರಿಗೆ ತುಂಬಾ ಇಷ್ಟವಾದದ್ದನ್ನು ಮಾಡಿ, ದುವಾ ಓದಿಸಿ, ಬಂದವರಿಗೆ ಬಡಿಸುವುದು ನಮ್ಮ ಮನೆಯ ಪದ್ಧತಿ. ಮೊನ್ನೆ ಮಕ್ಕಳು ಅದೇ ಮಾತಿಗೆ ಕುಳಿತಿದ್ದರು.

"ಬಿರಿಯಾನಿ ಮಾಡಿಸೋಣ. ಅಬ್ಬಾಗೆ ಅದಂದ್ರೆ ಪ್ರಾಣ" ಅಂದ ಸೈಫುಲ್ಲಾ.

"ಪ್ರಾಣ ನಿನಗೆ. ಅಬ್ಬಾ ತಮ್ಮ ತಟ್ಟೇಲಿರೋ ತುಂಡು ನಿನ್ ತಟ್ಟೆಗೆ ದಾಟಿಸ್ತಿದ್ದದ್ದು ನಾನ್ ನೋಡಿಲ್ಲೇನು?" ಅಂತ ಹೊನ್ನಾಳಿಯಿಂದ ಬಂದಿದ್ದ ಮಗಳು ಸುಮೇರಾ ಎದ್ದಳು. "ಅಬ್ಬಾಗೆ ಹೊಳೆ ಮೀನು ಇಷ್ಟ. ನಮ್ಮನೆಗೆ ಬಂದಾಗೆಲ್ಲ ತಿಂದೇ ಹೋಗೋರು."

"ನೀನು ಅದೊಂದೇ ಮಾಡಿದ್ರೆ ಅವರು ಇನ್ನೇನ್ ತಿನ್ನಬೇಕು?" ಅಂದ ಸೈಫುಲ್ಲಾ.

ಎಲ್ಲರೂ ನಕ್ಕರು. ನಕ್ಕು ಮುಗಿಯುವುದರೊಳಗೆ ಅಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿ, "ಅಮ್ಮೀ, ನೀನೇ ಹೇಳು" ಅಂದರು. ನಾನು ಶಾವಿಗೆ ಅಂದೆ. ಕೈಯಲ್ಲಿ ಮಾಡಿದ್ದು, ತುಪ್ಪದಲ್ಲಿ ಹುರಿದು ಹಾಲಲ್ಲಿ ಬೇಯಿಸಿದ್ದು. ಅಂದುಬಿಟ್ಟೆ. ಆದರೆ ಮನಸ್ಸು ಒಪ್ಪಲಿಲ್ಲ.

ಯಾಕೆಂದರೆ, ಕಡೆಯ ಸಂಜೆ ಆಸ್ಪತ್ರೆಯ ನರ್ಸ್ ಬಂದು, "ತಾತ, ಏನ್ ತಿಂತೀರಿ? ಮನೆಯಿಂದ ಏನ್ ತರಿಸ್ಲಿ?" ಅಂದಳು. ಅವರು, "ಏನಾದ್ರೂ ಸರಿ ತಾಯಿ" ಅಂದರು. ಆ ಹುಡುಗಿ ನನ್ನನ್ನು ನೋಡಿದಳು, ನನಗಾದರೂ ಗೊತ್ತಿರುತ್ತದೆ ಎನ್ನುವಂತೆ. ನನ್ನ ಬಾಯಿಗೆ ಏನೂ ಬರಲಿಲ್ಲ ಅಣ್ಣ. ಇಷ್ಟು ವರ್ಷ ಹಾಕಿದ್ದನ್ನೆಲ್ಲ ತಿಂದು, ತಟ್ಟೆ ಒರೆಸಿದಂತೆ ಮಾಡಿ ಏಳುತ್ತಿದ್ದರು. ಒಂದು ದಿನ ಉಪ್ಪು ಹೆಚ್ಚಾಯಿತು ಅಂದವರಲ್ಲ. ಮದುವೆಯಾದ ಮೇಲೂ ಹದಿನೇಳು ವರ್ಷ ಅವರು ನನಗಿಂತ ಹೆಚ್ಚು ನಿಮ್ಮ ಜೊತೆಗೇ ಇದ್ದರು. ನಿಮಗೆ ಗೊತ್ತಿದ್ದರೆ ಒಂದು ಸಾಲು ಬರೆಯಿರಿ.

ಇಂತಿ,
ತಾಜ್‌ಬೀ

*

ಜಗಳೂರು
15 ಡಿಸೆಂಬರ್ 2023

ಭಾಬಿಯವರಿಗೆ ನಮಸ್ಕಾರ.

ಗೆಳೆಯನ ಹೆಂಡತಿಯನ್ನು ಹೀಗೆ ಕರೆಯುವುದು ಸೈನ್ಯದ ಅಭ್ಯಾಸ. ಸುಬಾನನ ಮುಂದೆ ನಿಮ್ಮನ್ನು ಹೀಗೇ ಕರೆಯುತ್ತಿದ್ದೆ, ಬದಲಾಯಿಸಲು ಬರುವುದಿಲ್ಲ.

ಕಾಗದ ಬಂದಾಗ ಅಂಗಳದಲ್ಲಿ ಕುಳಿತಿದ್ದೆ. ಓದಿ ಮಡಚಿದೆ, ಮತ್ತೆ ಬಿಡಿಸಿದೆ. ನನ್ನ ಹೆಂಡತಿ ಕಲ್ಲಮ್ಮ ಎದುರಿಗೆ ಬಂದು ಏನೋ ಕೇಳಿದಳು. ದಿನವೂ ಅವಳ ತುಟಿ ನೋಡಿ ಮಾತು ಹಿಡಿಯುವ ನನಗೆ ಅವತ್ತು ಒಂದಕ್ಷರ ತಿಳಿಯಲಿಲ್ಲ. ಕಾಗದವನ್ನೇ ಅವಳ ಕೈಗೆ ಕೊಟ್ಟೆ. ಅವಳು ಓದು ಬಾರದವಳು. ಆದರೂ ಮೇಲಿನಿಂದ ಕೆಳಗೆ ನೋಡಿ ಸೆರಗು ಬಾಯಿಗೆ ಹಿಡಿದಳು.

ನಾವು ಒಂದೇ ತೋಪಿನ ಮೇಲೆ ಇದ್ದವರು. ನಾನು ಮದ್ದು ತುಂಬುವವನು, ಅವನು ಗುರಿ ಕಟ್ಟುವವನು. ನನ್ನ ಕಿವಿ ಹೋಗಿದ್ದು ಆ ತೋಪಿನಿಂದಲೇ. ಅವನ ಕಿವಿ ಉಳಿಯಿತು. ಅದಕ್ಕೆ ಅವನಿಗೆ ಬೇಜಾರಿತ್ತು, ತಾನೇ ಏನೋ ತಪ್ಪು ಮಾಡಿದವನಂತೆ. ಪಿಂಚಣಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ಜಗಳೂರಿಗೆ ಬರುತ್ತಿದ್ದನಲ್ಲ, ಚೀಲದಲ್ಲಿ ಒಂದು ಸ್ಲೇಟು ಇಟ್ಟುಕೊಂಡೇ ಬರುತ್ತಿದ್ದ. ನಾವಿಬ್ಬರೂ ಬೇವಿನ ಮರದ ಕೆಳಗೆ ಕುಳಿತು, ಅವನು ಬರೆಯುವುದು, ನಾನು ಬಾಯಿಂದ ಉತ್ತರ ಹೇಳುವುದು. ಕಡೆಯ ಸಲ ಬಂದಾಗ, "ನೀನ್ ಯಾಕೋ ಕೂಗ್ತೀಯಾ? ಕಿವಿ ಹೋಗಿರೋದು ನಿಂದು, ನಂದಲ್ಲ" ಅಂತ ಬರೆದಿದ್ದ. ಚನ್ನಗಿರಿಯಲ್ಲಿ ಎಟಿಎಂ ಕಾಯುವ ಕೆಲಸಕ್ಕೆ ಹೋಗುತ್ತಿದ್ದಾಗಲೂ ಬೂಟಿಗೆ ಪಾಲಿಶ್ ಹಾಕದೆ ಹೊರಡುತ್ತಿರಲಿಲ್ಲ ಅಂತ ಅವನೇ ಹೇಳಿದ್ದ. "ಅಲ್ಲಿ ಯಾರ್ ನೋಡ್ತಾರೋ ನಿನ್ನ ಬೂಟು?" ಅಂದರೆ, "ನಾನ್ ನೋಡ್ತೀನಲ್ಲ" ಅಂತ ಬರೆದ.

ಊಟದ ಮಾತಿಗೆ ಬರುತ್ತೇನೆ. ಸೈನ್ಯದಲ್ಲಿ ನಾವು ಒಂದೇ ತಟ್ಟೆಯವರು. ಒಬ್ಬ ಕಾವಲಿಗೆ ನಿಂತಾಗ ಇನ್ನೊಬ್ಬ ಉಣ್ಣಬೇಕು. ಉಣ್ಣುವವನು ರೊಟ್ಟಿ ಅರ್ಧಕ್ಕೆ ಮುರಿದು, ಅರ್ಧ ಪಕ್ಕಕ್ಕೆ ಮುಚ್ಚಿಟ್ಟು ತಿನ್ನುವುದು. ಅದು ಕಾವಲಿನವನ ಪಾಲು. ಎಷ್ಟೇ ಹಸಿವಿರಲಿ, ಅದನ್ನು ಯಾರೂ ಮುಟ್ಟುವುದಿಲ್ಲ. ಸುಬಾನ ಯಾವಾಗಲೂ ದೊಡ್ಡ ಅರ್ಧವನ್ನು ಮುಚ್ಚಿಡುತ್ತಿದ್ದ. ಅಳತೆ ಮಾಡಿದವನಲ್ಲ ನಾನು, ಆದರೂ ಹಸಿದ ಕಣ್ಣಿಗೆ ಅದು ತಿಳಿಯುತ್ತದೆ.

ನೀವು ಶಾವಿಗೆಯನ್ನೇ ಮಾಡಿ. ನಿಮ್ಮ ಶಾವಿಗೆ ಎಂದರೆ ನಮ್ಮ ತುಕಡಿಯಲ್ಲಿ ಹೆಸರುವಾಸಿ. ಅವನು ರಜೆ ಮುಗಿಸಿ ಬರುವ ದಿನ ನಾವೆಲ್ಲ ಗೇಟಿನ ಹತ್ತಿರ ಕಾಯುತ್ತಿದ್ದೆವು. ಅವನು ಟ್ರಂಕು ಇಳಿಸುವ ಮೊದಲೇ ಹುರಿದ ಶಾವಿಗೆಯ ಡಬ್ಬಿ ನಮ್ಮ ಕೈಗೆ ಬರುತ್ತಿತ್ತು. ಹಾಲಿನ ಪುಡಿ ಕಲಸಿ ಬೇಯಿಸಿ ಎರಡೇ ದಿನದಲ್ಲಿ ಮುಗಿಸುತ್ತಿದ್ದೆವು. ಅಂಥ ಶಾವಿಗೆ ನಾನು ಮತ್ತೆಲ್ಲೂ ತಿಂದಿಲ್ಲ.

ಧೈರ್ಯವಾಗಿರಿ. ಮೊಣಕಾಲಿನ ತೊಂದರೆ ಇದೆ, ಬಸ್ಸು ಹತ್ತುವುದು ಕಷ್ಟ. ಅವತ್ತು ಬರಲು ಆಗಲಿಕ್ಕಿಲ್ಲ.

ತಿಪ್ಪೇರುದ್ರಸ್ವಾಮಿ

*

ಬಸವಾಪಟ್ಟಣ
19 ಡಿಸೆಂಬರ್ 2023

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನುಜಹತ್ ಎಲ್ಲರಿಗೂ ಕೇಳುವಂತೆ ಓದಿದಳು. ಸ್ಲೇಟಿನ ಸಂಗತಿ ಕೇಳಿ ಸೈಫುಲ್ಲಾ ಅಟ್ಟ ಹತ್ತಿ ಅದನ್ನು ಹುಡುಕಿ ತಂದ. ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಅದರ ಮೇಲೆ ಏನೂ ಇರಲಿಲ್ಲ, ಚೆನ್ನಾಗಿ ಒರೆಸಿದ್ದರು. ಆಮೇಲೆ ಎಲ್ಲರೂ ಮಲಗಲು ಹೋದರು. ನಾನು ಕಾಗದವನ್ನು ಮತ್ತೊಮ್ಮೆ ಓದಿದೆ.

ಶಾವಿಗೆಯ ಡಬ್ಬಿ ನಿಮ್ಮ ಕೈಗೆ ಬರುತ್ತಿತ್ತು ಅಂತ ಬರೆದಿದ್ದೀರಿ. ನಾವು ಬೇಯಿಸಿದೆವು, ನಾವು ಮುಗಿಸಿದೆವು, ನಾನು ಮತ್ತೆಲ್ಲೂ ತಿಂದಿಲ್ಲ ಅಂತ ಬರೆದಿದ್ದೀರಿ. ಅವರು ತಿಂದರು ಅಂತ ಎಲ್ಲೂ ಬರೆದಿಲ್ಲ.

ನಾನು ನಿಮಗೆ ಒಂದು ಮಾತು ಹೇಳಿರಲಿಲ್ಲ. ನನ್ನ ತವರಲ್ಲಿ ಯಾರಾದರೂ ದೂರ ಹೊರಟರೆ ಶಾವಿಗೆ ತಿನ್ನಿಸಿಯೇ ಕಳಿಸುವುದು. ಎಳೆ ಹೇಗೆ ತುಂಡಾಗದೆ ಉದ್ದಕ್ಕೆ ಬರುತ್ತದೋ ಹಾಗೆ ಹೋದವರು ಸುರಕ್ಷಿತವಾಗಿ ತಿರುಗಿ ಬರುತ್ತಾರೆ ಅಂತ ನಮ್ಮಮ್ಮ ಹೇಳುತ್ತಿದ್ದಳು. ಅವರ ಪ್ರತಿ ರಜೆಯ ಕಡೆಯ ಬೆಳಿಗ್ಗೆ ನಾನು ಶಾವಿಗೆ ಹುರಿದಿದ್ದೇನೆ. ಒಂದು ಸಲವೂ ತಪ್ಪಿಸಿಲ್ಲ, ಅವರು ಒಂದು ಸಲವೂ ತಟ್ಟೆಯಲ್ಲಿ ಬಿಟ್ಟಿಲ್ಲ. ಪ್ರತಿ ಸಲ ತಿರುಗಿ ಬಂದರು. ತೊಂಬತ್ತೊಂಬತ್ತರಲ್ಲಿ ನೀವಿಬ್ಬರೂ ಗಡಿಯ ಮೇಲಿದ್ದಾಗಲೂ ಅದೇ ನಂಬಿಕೆಯಿಂದ ಕುಳಿತಿದ್ದೆ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮಾಡಲಿಲ್ಲ. ಸೈಫುಲ್ಲಾ ಆಟೋ ತಂದು ನಿಲ್ಲಿಸಿದ್ದ. ಅವರು ಎದೆ ಹಿಡಿದುಕೊಂಡು ತಾವೇ ನಡೆದು ಹೋಗಿ ಕುಳಿತರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಶಾವಿಗೆ ತಿನ್ನದೆ ಹೋದರು, ತಿರುಗಿ ಬರಲಿಲ್ಲ. ಇದನ್ನು ಯಾರ ಹತ್ತಿರ ಹೇಳಲಿ? ಮಕ್ಕಳ ಹತ್ತಿರ ಹೇಳಿದರೆ ಅಮ್ಮೀಗೆ ತಲೆ ಕೆಟ್ಟಿತು ಅಂತಾರೆ. ಅದಕ್ಕೇ ನಲವತ್ತಕ್ಕೆ ಶಾವಿಗೆ ಅಂದಿದ್ದು. ಅವರ ಇಷ್ಟಕ್ಕೋ ನನ್ನ ಸಮಾಧಾನಕ್ಕೋ ನನಗೇ ತಿಳಿಯದು.

ಇನ್ನೊಂದು ನೆನಪಾಯಿತು. ಪಿಂಚಣಿಗೆ ಬಂದ ಮೇಲೆ ಈದಿನ ಬೆಳಿಗ್ಗೆ ನಾನು ಶಾವಿಗೆ ಹುರಿಯುತ್ತಿದ್ದರೆ ಅವರು ಒಳಕೋಣೆಗೆ ಹೋಗಿ ಆ ಕರಿ ಟ್ರಂಕಿನ ಹತ್ತಿರ ನಿಂತುಬಿಡುತ್ತಿದ್ದರು. ಹಬ್ಬದ ಬಟ್ಟೆ ಹುಡುಕುತ್ತಿದ್ದಾರೆ ಅಂದುಕೊಂಡು, "ಬಟ್ಟೆ ಇಲ್ಲೇ ಐತೆ ಬರ್ರೀ" ಅಂತ ಕೂಗುತ್ತಿದ್ದೆ. ಅವರು ಬರುತ್ತಿದ್ದರು. ಈಗ ಯಾಕೋ ಅದು ಬಟ್ಟೆಯ ವಿಷಯ ಅಲ್ಲ ಅನಿಸುತ್ತಿದೆ.

ಅಣ್ಣ, ನೀವು ನನ್ನ ಮನಸ್ಸು ನೋಯದಿರಲಿ ಅಂತ ಬರೆದಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಅವರೂ ಹಾಗೇ ಮಾಡಿದರು ಅನಿಸುತ್ತಿದೆ. ಇಬ್ಬರೂ ಹಾಗೆ ಮಾಡಿದರೆ ನನ್ನ ಪಾಲಿಗೆ ಏನು ಉಳಿಯುತ್ತದೆ?

ತಾಜ್‌ಬೀ

*

ಬಸವಾಪಟ್ಟಣ
29 ಡಿಸೆಂಬರ್ 2023

ಅಣ್ಣನವರಿಗೆ,

ಉತ್ತರ ಬರಲಿಲ್ಲ. ನಾನು ಮಿತಿ ಮೀರಿ ಬರೆದೆ ಅನಿಸುತ್ತದೆ. ಸುಳ್ಳು ಹೇಳಿದಿರಿ ಅಂತ ನಿಮ್ಮಂಥವರಿಗೆ ಬರೆಯಬಾರದಿತ್ತು. ಕ್ಷಮಿಸಿ. ಬಿರಿಯಾನಿಗೆ ಅಡುಗೆಯವರನ್ನು ಗೊತ್ತುಮಾಡಿದ್ದಾರೆ. ನಾನು ಬೇಸಿಗೆಯಲ್ಲಿ ಮಾಡಿಟ್ಟಿದ್ದ ಶಾವಿಗೆ ತೆಗೆದು ಬಿಸಿಲಿಗೆ ಇಟ್ಟಿದ್ದೇನೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ತಾಜ್‌ಬೀ

*

ಜಗಳೂರು
30 ಡಿಸೆಂಬರ್ 2023

ಭಾಬಿಯವರಿಗೆ ನಮಸ್ಕಾರ.

ನಿಮ್ಮ ಹತ್ತೊಂಬತ್ತರ ಕಾಗದ ಕೈ ಸೇರಿ ಒಂದು ವಾರವಾಯಿತು. ಬರೆಯಲು ಕೂರುವುದು, ಏಳುವುದು. ಕಲ್ಲಮ್ಮನಿಗೆ ವಿಷಯ ಹೇಳಿದೆ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಚೆನ್ನಾಗಿ ಕಾಣುವಂತೆ ಬೈದಳು.

"ಗಂಡ ಸತ್ತ ಹೆಣ್ಮಗಳಿಗೆ ಇಂಥದ್ನೆಲ್ಲ ಬರೆಯಾಕೆ ನಿಮಗೇನ್ ಬುದ್ಧಿ ಇಲ್ಲೇನ್ರೀ?"

"ಆಕೆ ಕೇಳ್ಯಾಳೆ ಕಣೇ."

"ಕೇಳಿದ್ರೆ? ಸಾರು ಹೆಂಗೈತೆ ಅಂತ ನಾನೂ ದಿನಾ ಕೇಳ್ತೀನಿ. ನೀವು ದಿನಾ ಸುಳ್ಳು ಹೇಳಲ್ಲೇನು?"

"ಸುಳ್ಳು ಅಂತ ನಿನಗೆ ಹೆಂಗೆ ಗೊತ್ತು?"

"ಕಿವಿ ಹೋದೋರ ಮುಖ ಜೋರಾಗೇ ಮಾತಾಡ್ತೈತೆ."

ನಿನ್ನೆ ಅವಳೇ ಬಂದು ಪೆನ್ನು ಮುಂದಿಟ್ಟಳು. "ಬರೀರಿ. ನಾನಾಗಿದ್ರೆ ತಿಳ್ಕೊಂಡೇ ಸಾಯ್ಬೇಕು ಅಂತಿದ್ದೆ" ಅಂದಳು.

ಆದ್ದರಿಂದ ಬರೆಯುತ್ತೇನೆ. ಸುಬಾನನಿಗೆ ನಿಮ್ಮ ಶಾವಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರುಚಿಯ ತಪ್ಪಲ್ಲ. ಒಂದು ಸಲ ಡಬ್ಬಿ ಕೊಡುತ್ತಾ ಅವನೇ ಹೇಳಿದ. ಆಗ ನನಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅವನ ಮಾತನ್ನು ಹಾಗೇ ಬರೆಯುತ್ತೇನೆ.

"ತಾಜು ಶಾವಿಗೆ ಹುರಿಯಾಕೆ ನಿಂತ್ಳು ಅಂದ್ರೆ ನನ್ನ ಟ್ರಂಕಿಗೆ ಬೀಗ ಬಿತ್ತು ಅಂತಲೇ ಲೆಕ್ಕ ಕಣೋ ತಿಪ್ಪ. ಆ ವಾಸನೆ ಬಂದ್ರೆ ಸಾಕು, ಕಾಲು ತಾವಾಗೇ ಟ್ರಂಕಿನ ಕಡೆ ಹೋಗ್ತವೆ. ಎಷ್ಟು ತುಪ್ಪ ಹಾಕಿದ್ರೂ ಮಣ್ಣು ತಿಂದಂಗೆ."

"ಅಷ್ಟಿದ್ರೆ ಬ್ಯಾಡ ಅಂತ ಹೇಳಬಾರ್ದೇನೋ?"

"ಹೆಂಗೆ ಹೇಳ್ಲಿ? ಆಕಿ ಅಳೋದನ್ನೆಲ್ಲ ಆ ಹುರಿಯೋದ್ರಾಗೇ ಅಳ್ತಾಳೆ. ಹೊಗೆ ಅಂತಾಳೆ. ಅದನ್ನೂ ಬ್ಯಾಡ ಅಂದ್ರೆ ಆಕಿ ಎಲ್ಲಿ ಕೂತು ಅಳ್ಬೇಕು?"

ಇಷ್ಟೇ. ಇದನ್ನು ಮುಚ್ಚಿಟ್ಟು ನಿಮಗೆ ಶಾವಿಗೆ ಮಾಡಿ ಅಂತ ಬರೆದೆ. ಮನ್ನಿಸಿ. ಆದರೆ ಅವನು ಶಾವಿಗೆ ತಿನ್ನದೆ ಹೋದ ಅಂತ ನೀವು ಕೊರಗಬೇಡಿ. ನನಗೆ ತಿಳಿದಂತೆ ಆ ಮನೆಯಿಂದ ಅವನು ಶಾವಿಗೆ ತಿನ್ನದೆ ಹೊರಟದ್ದು ಅದೊಂದೇ ಸಲ. ತಾನು ಹೋಗುತ್ತಿದ್ದೇನೆ ಅಂತ ಅವನಿಗೆ ಅನಿಸಿಯೇ ಇರಲಿಕ್ಕಿಲ್ಲ.

ಈಗ ನೀವು ಮೊದಲು ಕೇಳಿದ್ದಕ್ಕೆ ಉತ್ತರ. ಮರಳುಗಾಡಿನಲ್ಲಿದ್ದಾಗ ಸಂಜೆ ಹೊತ್ತು ನಮಗೆ ಒಂದು ಆಟ. ಊರಿಗೆ ಹೋದ ತಕ್ಷಣ ಏನು ತಿನ್ನುತ್ತೀರಿ? ಒಬ್ಬ ಕೋಳಿ ಅನ್ನುವನು, ಒಬ್ಬ ಹೋಳಿಗೆ ಅನ್ನುವನು. ಸುಬಾನ ಯಾವಾಗಲೂ ಒಂದೇ ಹೇಳುತ್ತಿದ್ದ. "ರಜೆಗೆ ಬರ್ತೀನಿ ಅನ್ನೋ ಕಾಗದ ಮುಟ್ಟೋಕಿಂತ ಮುಂಚೆ ನಾನು ಮುಟ್ಟಿರ್ಬೇಕು. ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡೀಬೇಕು. ಮನ್ಯಾಗೆ ಏನೂ ಇರಬಾರ್ದು. ತಾಜು 'ಅಯ್ಯೋ, ಮೊದ್ಲೇ ಹೇಳಬಾರ್ದಾ' ಅಂತ ಹಣೆ ಬಡ್ಕೊಂಡು, ಮುಚ್ಚಿಟ್ಟ ತಂಗಳು ರೊಟ್ಟಿ ತೆಗೀಬೇಕು. ಬೆಳ್ಳುಳ್ಳಿ ಖಾರ, ಒಂದು ಉಳ್ಳಾಗಡ್ಡಿ. ಆಕಿ ನಾಚ್ಕೊಂಡು ಎದುರಿಗೆ ನಿಂತಿರ್ಬೇಕು. ಅಷ್ಟೇ ಕಣ್ರೋ."

ನಾವು ನಗುತ್ತಿದ್ದೆವು. ತಂಗಳು ಹವಾಲ್ದಾರ್ ಅಂತಲೇ ಹೆಸರಿಟ್ಟಿದ್ದೆವು.

ತಿಪ್ಪೇರುದ್ರಸ್ವಾಮಿ

*

ಜಗಳೂರು
9 ಜನವರಿ 2024

ಭಾಬಿಯವರಿಗೆ ನಮಸ್ಕಾರ.

ನಾನು ನಿನ್ನೆ ಸುಖವಾಗಿ ಮನೆ ಸೇರಿದೆ. ಬರುವುದಿಲ್ಲ ಅಂತ ಬರೆದವನು ಭಾನುವಾರ ಬಂದುಬಿಟ್ಟೆ. ನಿಮ್ಮ 29ರ ಕಾಗದ ಓದಿದ ಮೇಲೆ ಕೂರಲು ಆಗಲಿಲ್ಲ. ನನ್ನ ಉತ್ತರ ನಿಮಗೆ ಮುಟ್ಟಿತೋ, ಮುಟ್ಟಿ ಮನಸ್ಸಿಗೆ ನೋವಾಯಿತೋ ತಿಳಿಯದೆ ಹೊರಟೆ. ಕಲ್ಲಮ್ಮ ಮೊಣಕಾಲಿಗೆ ಬಟ್ಟೆ ಸುತ್ತಿ ಕಳಿಸಿದಳು.

ನಿಮ್ಮನ್ನು ನೋಡುವಂತಿಲ್ಲ ಅಂತ ಸೈಫುಲ್ಲಾ ಸ್ಲೇಟಿನ ಮೇಲೆ ಬರೆದು ತೋರಿಸಿದ. ಅದೇ ಸ್ಲೇಟು. ಹುಡುಗನ ಅಕ್ಷರ ಅಪ್ಪನದರಂತೆಯೇ ಬಲಕ್ಕೆ ವಾಲುತ್ತದೆ. ಶಾಮಿಯಾನದ ಕೆಳಗೆ ಎಲ್ಲರೂ ಮಾತಾಡುತ್ತಿದ್ದರು. ನಾನು ಸುಮ್ಮನೆ ಬಾಯಿಗಳನ್ನು ನೋಡುತ್ತ ಕುಳಿತೆ. ಸುಬಾನನ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದರು ಅಂತ ಕಾಣುತ್ತದೆ. ಎಲ್ಲರಿಗೂ ಬಿರಿಯಾನಿ ಬಂತು. ನನಗೆ ಮಾತ್ರ ಒಳಗಿನಿಂದ ಬೇರೆ ತಟ್ಟೆ ಬಂತು. ತಂಗಳು ರೊಟ್ಟಿ, ಬೆಳ್ಳುಳ್ಳಿ ಖಾರ, ಉಳ್ಳಾಗಡ್ಡಿ. ನನ್ನ ಕಾಗದ ಮುಟ್ಟಿದೆ ಅಂತ ಆಗ ತಿಳಿಯಿತು. ನೋವಾಯಿತೇ ಎಂಬುದು ತಿಳಿಯಲಿಲ್ಲ.

ಖಾರ ಚೆನ್ನಾಗಿತ್ತು. ಹೊರಡುವಾಗ ಒಳಬಾಗಿಲಿನ ಪರದೆಯ ಕಡೆ ಕೈ ಮುಗಿದೆ. ಅಲ್ಲಿ ಯಾರಾದರೂ ಇದ್ದರೋ ಇಲ್ಲವೋ.

ತಿಪ್ಪೇರುದ್ರಸ್ವಾಮಿ

*

ಬಸವಾಪಟ್ಟಣ
14 ಜನವರಿ 2024

ಅಣ್ಣನವರಿಗೆ ತಾಜ್‌ಬೀ ಮಾಡುವ ನಮಸ್ಕಾರ.

ಪರದೆಯ ಹಿಂದೆ ನಾನಿದ್ದೆ. ನೀವು ಗೇಟಿನ ಹತ್ತಿರ ನಿಂತು ಪ್ಯಾಂಟಿನ ಧೂಳು ಒರೆಸಿ, ಬೂಟು ನೋಡಿಕೊಂಡು ಒಳಗೆ ಬಂದಾಗಲೇ ಯಾರು ಅಂತ ತಿಳಿಯಿತು. ಅವರೂ ಹಾಗೇ ಬರುತ್ತಿದ್ದರು. ನೀವೂ ಹೇಳದೆ ಬಂದಿರಿ.

ನಿಮ್ಮ 30ರ ಕಾಗದ ನಲವತ್ತಕ್ಕೆ ಮೂರು ದಿನ ಮುಂಚೆ, ಗುರುವಾರವೇ ಬಂದಿತ್ತು. ನೋವಾಯಿತೇ ಅಂತ ಕೇಳಿದ್ದೀರಿ. ಆಯಿತು. ಅವತ್ತು ಊಟ ಮಾಡಲಿಲ್ಲ. ಅವರು ಬಂದ ದಿನವೆಲ್ಲ ತಂಗಳು ಹಾಕಿದೆನಲ್ಲ ಅಂತ ಇಷ್ಟು ವರ್ಷ ನಾನು ಒಳಗೇ ನಾಚಿಕೊಂಡಿದ್ದೆ. ಅದಕ್ಕೇ ಹೋಗುವ ದಿನ ಅಷ್ಟು ತುಪ್ಪ ಸುರಿಯುತ್ತಿದ್ದೆ. ಎರಡೂ ತಿರುಗಾಮುರುಗಾ ಆಗಿತ್ತು. ನಾನು ಅಳುತ್ತಿದ್ದದ್ದು ಅವರಿಗೆ ಗೊತ್ತಿತ್ತು ಎಂಬುದನ್ನು ಮಾತ್ರ ಇನ್ನೂ ದಿನಕ್ಕೆ ಒಂದೆರಡು ಸಲ ತೆಗೆದು ನೋಡಿಕೊಳ್ಳುತ್ತೇನೆ.

ಶನಿವಾರವೇ ರೊಟ್ಟಿ ಬಡಿದು ಮುಚ್ಚಿಟ್ಟೆ. ಮನೆಯಲ್ಲಿ ಗಲಾಟೆ.

"ಹವಾಲ್ದಾರ್ ಸಾಬ್ರ ನಲವತ್ತಕ್ಕೆ ತಂಗಳು ಇಟ್ರು ಅಂತ ಊರೆಲ್ಲ ಆಡ್ಕೊಂತಾರೆ ಅಮ್ಮೀ" ಅಂದ ಸೈಫುಲ್ಲಾ.

"ಹೋಗ್ಲಿ, ಬಿಸಿ ರೊಟ್ಟಿನಾದ್ರೂ ಇಡು" ಅಂದಳು ಸುಮೇರಾ.

"ಬಿಸಿದು ನಿಮ್ಮ ಅಬ್ಬಾದಲ್ಲ" ಅಂದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದು ಅವರ್ಯಾರೂ ಕೇಳಿರಲಿಲ್ಲ. ದುವಾ ಓದುವಾಗ ಬಿರಿಯಾನಿಯ ಪಕ್ಕದಲ್ಲಿ ಆ ತಟ್ಟೆ ಇತ್ತು. ಮಸೀದಿಯ ಹಜರತ್ತರು ಒಮ್ಮೆ ತಟ್ಟೆ ನೋಡಿದರು, ಒಮ್ಮೆ ಸೈಫುಲ್ಲಾನನ್ನು ನೋಡಿದರು, ಓದಿದರು.

ಶಾವಿಗೆ ಇಡಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಒಬ್ಬಳೇ ಕುಳಿತು ಒಂದು ಬಾಣಲೆ ಹುರಿದೆ. ನುಜಹತ್ ಬಂದು, "ಅತ್ತೆ, ಇದು ಯಾರಿಗೆ?" ಅಂದಳು. ಹೊಗೆ ಕಣೇ ಅಂದೆ. ಅವಳು ಬಾಗಿಲು ಮುಂದಕ್ಕೆಳೆದು ಹೋದಳು. ಆಮೇಲೆ ಹೆಂಗಸರೆಲ್ಲ ತಿಂದರು.

ನೀವು ಒಂದು ಸಂಗತಿ ಬರೆದಿಲ್ಲ. ನೀವು ಉಂಡು ಎದ್ದ ಮೇಲೆ ನುಜಹತ್ ತಟ್ಟೆ ಒಳಗೆ ತಂದು, "ಆ ತಾತಂಗೆ ರೊಟ್ಟಿ ಸೇರಲಿಲ್ಲ ಕಾಣ್ತೈತೆ. ಅರ್ಧ ಹಂಗೇ ಮುಚ್ಚಿಟ್ಟವ್ರೆ. ಕೋಳಿಗೆ ಹಾಕ್ಲಾ?" ಅಂದಳು. ಅವಳ ಕೈಯಿಂದ ಇಸಿದುಕೊಂಡೆ. ಬಟ್ಟಲು ಬೋರಲಾಗಿತ್ತು, ಅದರ ಕೆಳಗೆ ರೊಟ್ಟಿ. ದೊಡ್ಡ ಅರ್ಧ.

ಅವತ್ತೇ ಸಂಜೆ ಸುಮೇರಾ ಹೊನ್ನಾಳಿ ಬಸ್ಸು ಹಿಡಿದಳು. ಮಾರನೆಯ ದಿನ ಸೈಫುಲ್ಲಾ ಕೆಲಸಕ್ಕೆ, ನುಜಹತ್ ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಇನ್ನೂ ಮೂರು ತಿಂಗಳು ಈ ಬಾಗಿಲು ದಾಟುವಂತಿಲ್ಲ. ಈಗ ಇಲ್ಲಿ ಕಾವಲಿಗೆ ಇರುವವಳು ನಾನೇ ಅನಿಸಿತು. ಬಟ್ಟಲು ಎತ್ತಿ ಆ ಅರ್ಧ ರೊಟ್ಟಿ ತಿಂದೆ.

ಇಷ್ಟು ವರ್ಷ ಅವರಿಗೆ ಹಾಕಿದವಳು, ಅದರ ರುಚಿಗೆ ಅಂತ ಕುಳಿತು ಒಂದು ದಿನವೂ ತಿಂದಿರಲಿಲ್ಲ. ಗಟ್ಟಿಯಾಗಿತ್ತು, ನಿಧಾನವಾಗಿ ಅಗಿಯಬೇಕಾಯಿತು. ಚೆನ್ನಾಗಿತ್ತು ಅಣ್ಣ.

ತಾಜ್‌ಬೀ